ಖಾಲಿ ನಿವೇಶನದಲ್ಲಿ ಕಾಯಿಪಲ್ಯ: ಮೊದಲು ಕರಾರು, ಆಮೇಲೆ ಬಿತ್ತನೆ

ಪ್ರಶ್ನೆ: ಕಲಬುರಗಿಯ ಜೇವರ್ಗಿ ರಸ್ತೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ ಇದೆ. ಪಕ್ಕದ 30×40 ಅಡಿ ನಿವೇಶನದ ಮಾಲೀಕರು ಪುಣೆಯಲ್ಲಿದ್ದಾರೆ. ಅಲ್ಲಿ ಜಾಲಿ ಮತ್ತು ಕಾಂಗ್ರೆಸ್ ಕಸ ಬೆಳೆದು, ಓಣಿಯ ಹೊಲಸೆಲ್ಲ ಬಂದು ಬೀಳುತ್ತಿದೆ. ಎಂಟು ಮನೆಯವರು ಸೇರಿ ಕಾಯಿಪಲ್ಯ ಬೆಳೆಯಬೇಕೆಂದಿದ್ದೇವೆ. ಮಾಲೀಕರು ಫೋನಿನಲ್ಲಿ ಒಪ್ಪಿದ್ದಾರೆ, ಆದರೆ ಬರೆದುಕೊಡಲು ಹಿಂಜರಿಯುತ್ತಾರೆ. ಬಾಯಿಮಾತು ಸಾಕೇ?

ಉತ್ತರ: ಸಾಲದು. ಬರೆದುಕೊಟ್ಟರೆ ಜಾಗ ಕೈತಪ್ಪೀತು ಎಂಬ ಭಯ ಮಾಲೀಕರಿಗೆ ಇರುವುದು ಸಹಜ. ಆದರೆ ಕಾನೂನಿನ ದಾರಿ ಅದಕ್ಕೆ ತದ್ವಿರುದ್ಧವಾಗಿದೆ. 1963ರ ಲಿಮಿಟೇಷನ್ ಕಾಯ್ದೆಯ ಪ್ರಕಾರ ಮಾಲೀಕರ ಹಕ್ಕನ್ನು ಅಲ್ಲಗಳೆದು 12 ವರ್ಷ ಸ್ವಾಧೀನದಲ್ಲಿದ್ದವರು ಮಾತ್ರ ಪ್ರತಿಕೂಲ ಸ್ವಾಧೀನದ, ಅಂದರೆ ಜಾಗ ಈಗ ತಮ್ಮದೇ ಎಂಬ, ವಾದ ಹೂಡಬಹುದು. ಮಾಲೀಕರ ಅನುಮತಿಯಿಂದ ಇರುವವರಿಗೆ ಆ ವಾದ ದಕ್ಕುವುದಿಲ್ಲ. ಆದ್ದರಿಂದ ಲಿಖಿತ ಅನುಮತಿ ನಿಮಗಿಂತ ಹೆಚ್ಚಾಗಿ ಅವರಿಗೇ ರಕ್ಷಣೆ ಎಂಬುದನ್ನು ಸಮಾಧಾನವಾಗಿ ತಿಳಿಸಿ ಹೇಳಿರಿ.

ಪತ್ರವು ಬಾಡಿಗೆ ಕರಾರಾಗದೆ, 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಹೇಳಿರುವ ಪರವಾನಗಿಯ (ಜಾಗ ಬಳಸಲು ಕೊಡುವ ಬರೀ ಅನುಮತಿಯ) ರೂಪದಲ್ಲಿರಲಿ. ಪರವಾನಗಿ ಪಡೆದವರು ಅದನ್ನು ನಂಬಿ ಶಾಶ್ವತ ಸ್ವರೂಪದ ಕಾಮಗಾರಿಗೆ ಖರ್ಚು ಮಾಡಿದ್ದರೆ ಮಾಲೀಕರು ಆ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು ಎಂದು ಅದೇ ಕಾಯ್ದೆ ಹೇಳುವುದರಿಂದ, ಕೊಳವೆಬಾವಿ, ಕಾಂಪೌಂಡ್ ಗೋಡೆ, ಶೆಡ್ಡು ಇವ್ಯಾವನ್ನೂ ನಿರ್ಮಿಸುವುದಿಲ್ಲವೆಂದು ನೀವೇ ಮುಂದಾಗಿ ಬರೆದುಕೊಡಿರಿ; ಮಾಲೀಕರ ಅರ್ಧ ಆತಂಕ ಅಲ್ಲಿಗೇ ಇಳಿಯುತ್ತದೆ. ಪ್ರತಿಯಾಗಿ, ಜಾಗ ಬೇಕಾದಾಗ ಮೂರು ತಿಂಗಳು ಮೊದಲು ತಿಳಿಸಬೇಕೆಂಬ ಮಾತನ್ನು ಸೇರಿಸಿಕೊಳ್ಳಿರಿ. ಬಿತ್ತಿದ ನಲವತ್ತೈದು–ಐವತ್ತು ದಿನಕ್ಕೆ ಕಾಯಿಗೆ ಬರುವ ಬೆಂಡಿ, ಚವಳಿಯ ಪೂರ್ತಿ ಫಸಲು ಆಗ ನಿಮ್ಮ ಕೈಸೇರುತ್ತದೆ.

ಈ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನ್ಯೂಯಾರ್ಕ್ ನಗರದಲ್ಲಿ 1970ರ ದಶಕದಿಂದ ನಿವಾಸಿಗಳು ಪಾಳುಬಿದ್ದ ನಿವೇಶನಗಳನ್ನು ಹಸನು ಮಾಡಿ ತೋಟಗಳನ್ನು ಬೆಳೆಸಿದ್ದರು. 1999ರಲ್ಲಿ ನಗರಾಡಳಿತವು ಅಂಥ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಾಗ, ಭೂಮಿ ಕೊಂಡು ಕಾಪಾಡುವ ಸಂಸ್ಥೆಗಳು ಹಣ ಕೊಟ್ಟು ಖರೀದಿಸಿದ್ದರಿಂದ ಅವು ಉಳಿದವು. ವರ್ಷಗಟ್ಟಲೆ ಸುರಿಸಿದ ಬೆವರು ಭೂಮಿಯ ಹಕ್ಕನ್ನು ತಂದುಕೊಟ್ಟಿರಲಿಲ್ಲ.

ಇನ್ನು ನೀರು. ನಮ್ಮ ಬೇಸಿಗೆಯಲ್ಲಿ ಪ್ರತಿ ಚದರ ಮೀಟರ್ ಮಡಿಗೆ ದಿನಕ್ಕೆ 6–7 ಲೀಟರ್ ಬೇಕು. ನಿಮ್ಮ ನಿವೇಶನ ಸುಮಾರು 111 ಚದರ ಮೀಟರ್. ಅರ್ಧ ಭಾಗ ಮಡಿ ಮಾಡಿದರೂ ದಿನಕ್ಕೆ 330ರಿಂದ 390 ಲೀಟರ್ ಬೇಕಾಗುತ್ತದೆ. ಭೀಮಾ ಮತ್ತು ಬೆಣ್ಣೆತೊರೆಯಿಂದ ಬರುವ ಕುಡಿಯುವ ನೀರನ್ನು ಇದಕ್ಕೆ ಸುರಿಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಆದ್ದರಿಂದ ಮಾರ್ಚಿನಿಂದ ಮೇ ತನಕ ಒಂದೆರಡು ಮಡಿಗಳಿಗಷ್ಟೇ ನೆರಳುಬಲೆ ಕಟ್ಟಿ ಉಳಿದುದನ್ನು ಬಿಟ್ಟುಬಿಡಿರಿ. ಜೂನ್ ಮಳೆಗೆ ಪುಂಡಿ, ಬೆಂಡಿ, ಚವಳಿ, ಹೀರೆ ಹಾಕಿರಿ. ದೀಪಾವಳಿಯ ಹೊತ್ತಿಗೆ ಮೆಂತೆ, ಸಬ್ಬಸಗಿ, ಕೊತ್ತಂಬರಿ ಬಿತ್ತಿದರೆ ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಬೇಕಾದ ಸೊಪ್ಪೆಲ್ಲ ಅಲ್ಲೇ ಸಿಗುತ್ತದೆ.

ಓಣಿಯ ಹೊಲಸು ಬಿದ್ದ ಜಾಗವಾದ್ದರಿಂದ ಶಹಾಬಾದಿ ಕಲ್ಲಿನ ಚೂರುಗಳನ್ನು ಅಂಚಿಗೆ ನಿಲ್ಲಿಸಿ, ಒಂದಡಿ ಎತ್ತರಕ್ಕೆ ಹೊರಗಿನ ಎರೆಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿರಿ. ತುಂಬುವ ಮೊದಲು ಆ ಮಣ್ಣನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿರಿ.

ಪ್ರಶ್ನೆ: ಬಡಾವಣೆಯ ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿಯೂ ಹೀಗೆ ಬೆಳೆಯಬಹುದೇ? ಪಕ್ಕದ ಚರಂಡಿಯ ನೀರು ಹಾಯಿಸಬಹುದೇ?

ಉತ್ತರ: ಉದ್ಯಾನಗಳಿಗೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ, ಮಹಾನಗರ ಪಾಲಿಕೆಯ ಲಿಖಿತ ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕಬೇಡಿರಿ, ಸಾರ್ವಜನಿಕರ ಓಡಾಟಕ್ಕೆ ಬೇಲಿ ಕಟ್ಟಬೇಡಿರಿ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು. ಅದರ ಹೆಸರಿನಲ್ಲಿ ಅರ್ಜಿ ಕೊಡುವುದು ಒಳ್ಳೆಯದು. ಪಾಲಿಕೆ ನೆರವು ಕೊಡುವುದಾದರೆ ಬೀಜದ ಪೊಟ್ಟಣದ ಬದಲು ಮಳೆನೀರಿನ ತೊಟ್ಟಿಯನ್ನೂ ಐದು ವರ್ಷದ ಅನುಮತಿಯನ್ನೂ ಕೇಳಿರಿ. ಚರಂಡಿಯ ನೀರು ಬೇಡವೇ ಬೇಡ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಯ ಮೂಲಕ ಜಂತುಹುಳದ ಮೊಟ್ಟೆಗಳು ನೇರವಾಗಿ ಮಕ್ಕಳ ಹೊಟ್ಟೆ ಸೇರುತ್ತವೆ.