ಗಂಟೆಗೆ 15 ಡಾಲರ್, ಮೇಲೆ ವೀಸಾದ ಬೆದರಿಕೆ

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು. 23 ವರ್ಷದ ಮಗಳು ಮೆಲ್ಬರ್ನ್‌ನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಓದುತ್ತಿದ್ದು, ಸಂಜೆ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಗಂಟೆಗೆ 15 ಡಾಲರ್ ನಗದು ಕೊಡುತ್ತಾರೆ, ಚೀಟಿ ಕೊಡುವುದಿಲ್ಲ. ಮೊದಲ ನಾಲ್ಕು ಸಂಜೆಗೆ ‘ಟ್ರಯಲ್’ ಎಂದು ಏನೂ ಕೊಡಲಿಲ್ಲ. ಈಗ ಎಬಿಎನ್ ಎಂಬ ಉದ್ಯಮ ಸಂಖ್ಯೆ ಮಾಡಿಸಿಕೊಂಡು ಬಾ ಎನ್ನುತ್ತಿದ್ದಾರೆ. ಸಂಬಳ ಹೆಚ್ಚಿಸಿ ಎಂದು ಕೇಳಿದ್ದಕ್ಕೆ, ‘ನೀನು 48 ಗಂಟೆ ಮೀರಿದ್ದೀಯ, ನಾವು ತಿಳಿಸಿದರೆ ವೀಸಾ ರದ್ದು’ ಎಂದರಂತೆ. ಅವಳು ಸುಮ್ಮನಿರುವುದೇ ಲೇಸೇ, ಕೆಲಸ ಬಿಡಬೇಕೇ? ತೆರಿಗೆಯ ವಿಷಯವೇನು?
– ಒಬ್ಬ ತಂದೆ, ಶಿರಸಿ

ಉತ್ತರ: ತಮ್ಮ ಪತ್ರದಲ್ಲಿ ಸಂಬಳ, ಟ್ರಯಲ್, ಎಬಿಎನ್ ಎಲ್ಲವೂ ಇದ್ದರೂ ಅವುಗಳನ್ನೆಲ್ಲ ಹಿಡಿದಿಟ್ಟಿರುವುದು ವೀಸಾದ ಭಯ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ವೀಸಾ ರದ್ದು ಮಾಡುವ ಅಧಿಕಾರ ಆಸ್ಟ್ರೇಲಿಯಾದ ಗೃಹ ವ್ಯವಹಾರಗಳ ಇಲಾಖೆಗಿದೆಯೇ ಹೊರತು ಯಾವ ಮಾಲೀಕನಿಗೂ ಇಲ್ಲ. ತರಗತಿಗಳು ನಡೆಯುತ್ತಿರುವಾಗ ಎರಡು ವಾರಕ್ಕೆ 48 ಗಂಟೆ ದುಡಿಮೆಯ ಮಿತಿ 2023ರ ಜುಲೈ 1ರಿಂದ ಜಾರಿಯಲ್ಲಿರುವುದು ನಿಜ. ಆದರೆ ಅಧಿಕೃತ ರಜಾ ಅವಧಿಗೆ ಈ ಮಿತಿ ಅನ್ವಯಿಸುವುದಿಲ್ಲ. ಮಗಳು ‘ಮೀರಿದ’ ವಾರಗಳು ಸೆಮಿಸ್ಟರ್ ರಜೆಯಲ್ಲಿ ಬಂದಿದ್ದವೇ ಎಂದು ಮೊದಲು ನೋಡಿಕೊಳ್ಳಲಿ. ಲೆಕ್ಕ ಹಾಕುವ ಕ್ರಮದಲ್ಲೂ ಹಲವರು ಎಡವುತ್ತಾರೆ. ಯಾವುದೇ ಸೋಮವಾರದಿಂದ ಆರಂಭವಾಗುವ 14 ದಿನಗಳನ್ನು ಒಂದು ಘಟಕವೆಂದು ಹಿಡಿಯುತ್ತಾರೆ. ಮೊದಲ ವಾರ 20, ಎರಡನೆಯ ವಾರ 28, ಮೂರನೆಯ ವಾರ 24 ಗಂಟೆ ದುಡಿದರೆ ಮೊದಲೆರಡು ವಾರ ಸೇರಿ 48 ಆಗುತ್ತದೆ, ಅಡ್ಡಿಯಿಲ್ಲ. ಎರಡು ಮತ್ತು ಮೂರನೆಯ ವಾರ ಸೇರಿದರೆ 52, ಅದು ಉಲ್ಲಂಘನೆ.

ಉಲ್ಲಂಘನೆ ನಿಜವಾಗಿಯೂ ಆಗಿದ್ದರೆ ಅದನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ದುಡಿದ ಸಂಬಳದ ಹಕ್ಕು ಹೋಗುವುದಿಲ್ಲ ಎಂಬುದನ್ನು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. 2024ರ ಜುಲೈನಿಂದ ಇನ್ನೂ ಒಂದು ರಕ್ಷಣೆ ಬಂದಿದ್ದು, ಶೋಷಣೆಯ ದೂರನ್ನು ಫೇರ್ ವರ್ಕ್ ಓಂಬುಡ್ಸ್‌ಮನ್ (ಕಾರ್ಮಿಕರ ಹಕ್ಕು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ) ಅಥವಾ ಮಾನ್ಯತೆ ಪಡೆದ ಸಂಘಟನೆಯೊಂದು ದೃಢೀಕರಿಸಿದರೆ, ಮುಂದೆ ನಿಯಮ ಪಾಲಿಸುವೆನೆಂದು ಒಪ್ಪಿಕೊಂಡ ಕಾರ್ಮಿಕನ ವೀಸಾವನ್ನು ಸಾಮಾನ್ಯವಾಗಿ ರದ್ದುಪಡಿಸುವುದಿಲ್ಲ. ವೀಸಾದ ಹೆಸರಿನಲ್ಲಿ ಒತ್ತಡ ಹೇರಿ ನಿಯಮ ಮೀರಿ ದುಡಿಸುವುದು ಈಗ ಮಾಲೀಕನ ಕಡೆಯಿಂದಲೇ ಅಪರಾಧ. ಬೆದರಿಕೆಯನ್ನು ಮೆಸೇಜಿನಲ್ಲಿ ಹಾಕಿದ್ದರೆ ಅದು ಅವರಿಗೇ ತಿರುಗುಬಾಣ.

ಇನ್ನು ಸಂಬಳ. 2025ರ ಜುಲೈ 1ರಿಂದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ರಜೆ-ಗಿಜೆಯ ಸೌಲಭ್ಯವಿಲ್ಲದ ‘ಕ್ಯಾಶುವಲ್’ ನೌಕರರಿಗೆ ಅದರ ಮೇಲೆ ಶೇ. 25 ಸೇರಿಸಬೇಕು, ಅಲ್ಲಿಗೆ 31.19 ಡಾಲರ್ ಆಯಿತು. ರೆಸ್ಟೋರೆಂಟ್ ಕೆಲಸಕ್ಕೆ ‘ಅವಾರ್ಡ್’ ಎಂಬ ಪ್ರತ್ಯೇಕ ವೇತನ ಆದೇಶವಿದ್ದು, ದರ್ಜೆ, ವಾರಾಂತ್ಯ ಇತ್ಯಾದಿಗೆ ತಕ್ಕಂತೆ ದರ ತುಸು ಅತ್ತಿತ್ತ ಆಗುತ್ತದೆ. ಹೇಗೆ ಲೆಕ್ಕ ಹಾಕಿದರೂ 23 ವರ್ಷದವಳಿಗೆ 15 ಡಾಲರ್ ನ್ಯಾಯವಾದ ದರವಾಗುವುದಿಲ್ಲ. ವಾರಕ್ಕೆ 20 ಗಂಟೆ ಎಂದರೆ ಅವಳಿಗೆ ವಾರವಾರವೂ 300 ಡಾಲರಿಗಿಂತ ಹೆಚ್ಚು ಖೋತಾ ಆಗುತ್ತಿದೆ. ‘ಒಪ್ಪಿಕೊಂಡೇ ಬಂದಿದ್ದಳಲ್ಲ’ ಎಂಬ ಮಾತಿಗೂ ಅಲ್ಲಿ ಬೆಲೆಯಿಲ್ಲ. ಕನಿಷ್ಠ ವೇತನವನ್ನು ಒಪ್ಪಂದದಿಂದ ಇಳಿಸಲು ಬರುವುದಿಲ್ಲ. ನಗದು ಕೊಡುವುದು ತಪ್ಪಲ್ಲ, ಆದರೆ ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಲೇಬೇಕು. ಸೊಸೈಟಿಯಲ್ಲಿ ಚಾಲಿ ಅಡಿಕೆ ಮಾರಿದ ದಿನ ತೂಕ, ದರ, ಕಡಿತಗಳನ್ನೆಲ್ಲ ಬರೆದ ಚೀಟಿಯಿಲ್ಲದೆ ತಾವು ಮನೆಗೆ ಹೊರಡುತ್ತೀರಾ? ಇದೂ ಹಾಗೆಯೇ. ಟ್ರಯಲ್ ಎಂಬುದು ಕೆಲಸ ಬರುತ್ತದೆಯೇ ಎಂದು ಪಕ್ಕದಲ್ಲಿ ನಿಂತು ನೋಡಲು ಬೇಕಾದಷ್ಟು ಹೊತ್ತಿಗೆ ಮಾತ್ರ ಸೀಮಿತ. ನಾಲ್ಕು ಸಂಜೆ ಪಾತ್ರೆ ತೊಳೆಸಿ, ಈರುಳ್ಳಿ ಹೆಚ್ಚಿಸಿದರೆ ಅದು ಸಂಬಳದ ಕೆಲಸವೇ.

ಎಬಿಎನ್ ಮಾತ್ರ ಬೇಡವೆಂದು ಮಗಳಿಗೆ ಇವತ್ತೇ ಹೇಳಿ. ಅದು ಸ್ವಂತ ಉದ್ಯಮ ನಡೆಸುವವರ ಸಂಖ್ಯೆ. ಅಡಿಕೆ ಕೊನೆ (ಗೊನೆ) ಕೊಯ್ಯುವ ನಮ್ಮ ಕೊನೆಗೌಡನು ತನ್ನದೇ ಕತ್ತಿ, ತನ್ನದೇ ಹಗ್ಗ ತಂದು, ಕೊನೆಗಿಷ್ಟು ಎಂದು ತಾನೇ ದರ ಮಾತಾಡಿ, ಇಂದು ತಮ್ಮ ತೋಟ ಮುಗಿಸಿ ನಾಳೆ ಇನ್ನೊಬ್ಬರ ತೋಟಕ್ಕೆ ಹೋಗುತ್ತಾನೆ; ಅವನನ್ನು ಬೇಕಾದರೆ ಗುತ್ತಿಗೆದಾರನೆನ್ನಬಹುದು. ಮಾಲೀಕ ಹೇಳಿದ ಹೊತ್ತಿಗೆ ಬಂದು, ಮಾಲೀಕನ ಏಪ್ರನ್ ಕಟ್ಟಿಕೊಂಡು, ಮಾಲೀಕನ ಒಲೆಯ ಮುಂದೆ ನಿಲ್ಲುವ ಹುಡುಗಿ ನೌಕರಳು. ನೌಕರರನ್ನು ಗುತ್ತಿಗೆದಾರರೆಂದು ಬಿಂಬಿಸುವುದು ಅಲ್ಲಿ ಕಾನೂನುಬಾಹಿರ, ಏಕೆಂದರೆ ಹಾಗೆ ಮಾಡಿದಾಗ ಕನಿಷ್ಠ ವೇತನ, ಅಪಘಾತ ಪರಿಹಾರ ಮತ್ತು ‘ಸೂಪರ್’ ಎಂಬ ನಿವೃತ್ತಿ ನಿಧಿ ಮೂರೂ ಕೈತಪ್ಪುವ ಸಂಭವವಿದೆ. ಈ ಸೂಪರ್ ಸಂಬಳದ ಶೇ. 12ರಷ್ಟು, ಮಾಲೀಕನೇ ಸಂಬಳದ ಮೇಲೆ ಕಟ್ಟಬೇಕಾದದ್ದು. ಓದು ಮುಗಿದು, ವೀಸಾ ಕೊನೆಗೊಂಡು, ದೇಶ ಬಿಟ್ಟ ನಂತರ ಅರ್ಜಿ ಹಾಕಿ ಅದನ್ನು ಹಿಂಪಡೆಯಬಹುದು. ಸಾಮಾನ್ಯವಾಗಿ ಶೇ. 35 ತೆರಿಗೆ ಕಳೆದು ಉಳಿದದ್ದು ಕೈಗೆ ಬರುತ್ತದೆ.

ಅವಳಿಗೆ ಬೇಕಾದದ್ದು ಟಿಎಫ್‌ಎನ್, ಅಂದರೆ ತೆರಿಗೆ ಸಂಖ್ಯೆ. ಅಲ್ಲಿನ ತೆರಿಗೆ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ. ಆರು ತಿಂಗಳಿಗಿಂತ ದೀರ್ಘ ಕೋರ್ಸಿಗೆ ಸೇರಿದವರನ್ನು ತೆರಿಗೆಯ ಮಟ್ಟಿಗೆ ಸಾಮಾನ್ಯವಾಗಿ ನಿವಾಸಿಗಳೆಂದೇ ಪರಿಗಣಿಸುವುದರಿಂದ ವರ್ಷಕ್ಕೆ 18,200 ಡಾಲರ್‌ವರೆಗೆ ತೆರಿಗೆಯಿಲ್ಲ. ಹೋದ ಮೊದಲ ವರ್ಷ ಮಾತ್ರ ಈ ಮಿತಿ ಸ್ವಲ್ಪ ಕಡಿಮೆ. ಅಲ್ಲಿನ ಆರ್ಥಿಕ ವರ್ಷ ಜುಲೈನಿಂದ ಜೂನ್‌ವರೆಗೆ, ರಿಟರ್ನ್ ಸಲ್ಲಿಸಲು ಅಕ್ಟೋಬರ್ 31 ಕೊನೆಯ ದಿನ. ನಗದಾಗಿ ಪಡೆದದ್ದನ್ನೂ ಅದರಲ್ಲಿ ತೋರಿಸಬೇಕು. ಊರಿನ ತೆರಿಗೆಯ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು: ಅವಳು ಅಲ್ಲಿಗೆ ಹೋದ ಆರ್ಥಿಕ ವರ್ಷದಲ್ಲಿ ಇಲ್ಲಿ ‘ರೆಸಿಡೆಂಟ್’ (ತೆರಿಗೆಯ ಮಟ್ಟಿಗೆ ನಿವಾಸಿ) ಆಗಿದ್ದರೆ ಅಲ್ಲಿನ ಗಳಿಕೆಯನ್ನು ಇಲ್ಲಿಯೂ ತೋರಿಸಬೇಕಾಗುತ್ತದೆ, ಮತ್ತು ಎರಡು ದೇಶಗಳ ನಡುವಿನ ಒಪ್ಪಂದದಂತೆ ಅಲ್ಲಿ ಕಟ್ಟಿದ ತೆರಿಗೆ ಇಲ್ಲಿ ಜಮೆಯಾಗುತ್ತದೆ.

ಕೆಲಸ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಲಿ, ಆದರೆ ಬಿಡುವ ಮೊದಲು ಅಡುಗೆಮನೆಯ ಗೋಡೆಗೆ ಅಂಟಿಸಿದ ಪಾಳಿ ಪಟ್ಟಿಯ ಫೋಟೊ ತೆಗೆದುಕೊಳ್ಳಲಿ, ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಡಲಿ, ಯಾವ ದಿನ ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬಂದೆ, ಕೈಗೆ ಎಷ್ಟು ಬಂತು ಎಂಬುದನ್ನು ನೆನಪಿರುವಷ್ಟೂ ಒಂದು ಪುಸ್ತಕದಲ್ಲಿ ಬರೆಯಲಿ. ಮಾಲೀಕನು ಏಳು ವರ್ಷ ದಾಖಲೆ ಇಡಬೇಕೆಂಬ ನಿಯಮವಿದ್ದು, ಅವನು ಇಟ್ಟಿಲ್ಲವೆಂದಾದರೆ ಅವಳ ಲೆಕ್ಕ ತಪ್ಪೆಂದು ಸಾಬೀತುಪಡಿಸುವ ಹೊಣೆ ಸಾಮಾನ್ಯವಾಗಿ ಅವನ ಮೇಲೆಯೇ ಬೀಳುತ್ತದೆ. ನಂತರ ಬಾಕಿಯ ಮೊತ್ತ ನಮೂದಿಸಿ ಮಾಲೀಕನಿಗೆ ಒಂದು ಪತ್ರ ಬರೆದು, ಉತ್ತರ ಬಾರದಿದ್ದರೆ ಫೇರ್ ವರ್ಕ್‌ನ 13 13 94ಕ್ಕೆ ಕರೆ ಮಾಡಲಿ. ಸೇವೆಗೆ ಶುಲ್ಕವಿಲ್ಲ. ಬಾಕಿ ಕೇಳಲು ಆರು ವರ್ಷದ ಅವಕಾಶವಿರುವುದರಿಂದ, ಪರೀಕ್ಷೆ ಹತ್ತಿರವಿದ್ದರೆ ಮುಗಿಸಿಕೊಂಡೇ ಕರೆ ಮಾಡಬಹುದು.