ನಾಲ್ಕು ವರ್ಷದ ಮಗ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ, ಯಾವ ಹುಳದ ಔಷಧ ಕೊಡಲಿ?

ಮಗ ಅನ್ನುವ ಕಡೆ ಮಗಳು ಅಂತ ಹಾಕಿದರೆ ಇದು ನನ್ನದೇ ಪ್ರಶ್ನೆ. ಆದರೆ ಇದಕ್ಕೆ ಅಂತ ಯಾವ ಹುಳದ ಔಷಧವನ್ನೂ ಹೇಳುವುದಿಲ್ಲ. ಹಲ್ಲು ಕಡಿಯುವುದಕ್ಕೂ ಹುಳಕ್ಕೂ ಗಂಟು ಹಾಕುವುದನ್ನು ಮೊದಲು ಬಿಡಿ.

ನಮ್ಮದು ದಾವಣಗೆರೆ. ಮಗಳಿಗೂ ಆಗ ನಾಲ್ಕು ವರ್ಷ. ಮಲಗಿದ ಸ್ವಲ್ಪ ಹೊತ್ತಿಗೆ ಶುರುವಾಗುತ್ತಿತ್ತು, ಕಲ್ಲುಸಕ್ಕರೆ ಅಗಿದ ಹಾಗೆ ಕರಕರ ಸದ್ದು. ಪಕ್ಕದ ಕೋಣೆಗೂ ಕೇಳುತ್ತಿತ್ತು. "ಹೊಟ್ಯಾಗೆ ಹುಳ ಆಗ್ಯಾವೆ, ಸಿಹಿ ಜಾಸ್ತಿ ತಿಂತಾಳೆ" ಅಂದರು ನಮ್ಮತ್ತೆ. ನಾನೂ ಮೆಡಿಕಲ್ ಶಾಪಿನಿಂದ ಹುಳದ ಸಿರಪ್ ತಂದು ಕುಡಿಸಿದೆ. ಚಾಕೊಲೇಟ್ ಬಿಡಿಸಿದೆವು, ಬೇವಿನ ರಸವೂ ಆಯಿತು. ಕೆಲವು ರಾತ್ರಿ ಸದ್ದೇ ಇರುತ್ತಿರಲಿಲ್ಲ. ಔಷಧ ಹಿಡಿಯಿತು ಅಂದುಕೊಳ್ಳುತ್ತಿದ್ದೆವು. ಆಮೇಲೆ ಮತ್ತೆ ಶುರು, ಮತ್ತೆ ಸಿರಪ್. ಹಲ್ಲು ಕಡಿಯುವುದು ತಾನಾಗೇ ಹೀಗೆ ಒಂದು ರಾತ್ರಿ ಜಾಸ್ತಿ, ಒಂದು ರಾತ್ರಿ ಕಡಿಮೆ ಇರುತ್ತದೆ. ಅದಕ್ಕೇ ಏನು ಕೊಟ್ಟರೂ ಗುಣವಾದ ಹಾಗೆ ಕಾಣುತ್ತದೆ.

ನಾನು ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ತಪ್ಪಬಾರದು. ನಾನು ಹಲ್ಲಿನ ಸದ್ದನ್ನಷ್ಟೇ ಕೇಳಿಸಿಕೊಂಡೆ. ಸದ್ದು ನಿಂತ ಕೂಡಲೇ ಸದ್ಯ ನಿಂತಿತಲ್ಲ ಅಂತ ಮಗ್ಗುಲು ಬದಲಿಸುತ್ತಿದ್ದೆ. ನಡುವೆ ಏನಾಗುತ್ತಿದೆ ಅಂತ ದೀಪ ಹಾಕಿ ನೋಡಲೇ ಇಲ್ಲ. ಅವಳು ಬಾಯಿ ತೆಗೆದು, ಕುತ್ತಿಗೆ ಹಿಂದಕ್ಕೆ ಚೆಲ್ಲಿ ಮಲಗುತ್ತಿದ್ದಳು. ದಿಂಬೆಲ್ಲಾ ಜೊಲ್ಲು. ಗೊರಕೆ ಬೇರೆ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರು ಒಂದು ಕ್ಷಣ ನಿಂತ ಹಾಗಾಗಿ, ಗೊರ್ ಅಂತ ಬೆಚ್ಚಿ ಹೊರಳುತ್ತಿದ್ದಳು. ಆಗ ಶುರುವಾಗುತ್ತಿತ್ತು ಹಲ್ಲಿನ ಸದ್ದು. ಇಷ್ಟೂ ನನ್ನ ಪಕ್ಕದಲ್ಲೇ ನಡೆಯುತ್ತಿತ್ತು. ಮಗು ಗೊರಕೆ ಹೊಡೆದರೆ ಒಳ್ಳೇ ನಿದ್ದೆ ಅಂತ ನಂಬಿದ್ದೆ. ಬೆಳಿಗ್ಗೆ ಎಬ್ಬಿಸಿದರೆ ಅಳು, ಎಲ್‌ಕೆಜಿಯಲ್ಲಿ ತೂಕಡಿಕೆ. ಸೋಮಾರಿ ಅಂತ ಬೈದಿದ್ದೇನೆ. ಬೇಕಾದಷ್ಟು ನಿದ್ದೆಯೇ ಇಲ್ಲದ ಮಗುವಿಗೆ ಬೈದೆನಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಒಂದು ದಿನ ಹಲ್ಲು ಉಜ್ಜಿಸುವಾಗ ಮುಂದಿನ ಹಲ್ಲುಗಳ ಅಂಚು ಸವೆದು ಒಳಗಿನ ಹಳದಿ ಕಂಡಿತು. ಹಾಲುಹಲ್ಲಿನ ಎನಾಮಲ್, ಅಂದರೆ ಮೇಲಿನ ಗಟ್ಟಿ ಪದರ, ತೆಳು, ಬೇಗ ಸವೆಯುತ್ತದೆ. ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗಕ್ಕೆ ಓಡಿದೆವು. ಅಲ್ಲಿಯ ಡಾಕ್ಟರು ಸಿಹಿಯ ಮಾತೇ ಎತ್ತಲಿಲ್ಲ. "ರಾತ್ರಿ ಬಾಯಲ್ಲಿ ಉಸಿರಾಡ್ತಾಳಾ? ಗೊರಕೆ ಇದೆಯಾ?" ಅಂತ ಕೇಳಿ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಕಳಿಸಿದರು. ಎಕ್ಸ್‌ರೇಯಲ್ಲಿ ಮೂಗಿನ ಹಿಂದಿರುವ ಅಡಿನಾಯ್ಡ್ ಅನ್ನುವ ಮೆತ್ತನೆಯ ಗಂಟು ಊದಿಕೊಂಡು ಉಸಿರಿನ ದಾರಿ ಕಿರಿದಾಗಿದ್ದು ಕಂಡಿತು. ಕೆಲವು ತಿಂಗಳು ಮೂಗಿಗೆ ಸ್ಪ್ರೇ ಹಾಕಿದೆವು. ಮೊದಲು ಗೊರಕೆ ಹೋಯಿತು, ಆಮೇಲೆ ಹಲ್ಲು ಕಡಿಯುವುದು ತುಂಬಾ ಕಡಿಮೆಯಾಯಿತು. ಕೆಲವು ಮಕ್ಕಳಿಗೆ ಆಪರೇಷನ್ ಬೇಕಾಗುತ್ತದೆ, ನಮಗೆ ಬೇಕಾಗಲಿಲ್ಲ.

ಹುಳದ ಮಾತ್ರೆ ಕೆಟ್ಟದ್ದು ಅಂತಲ್ಲ. ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನ ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ, ಕೊಡಿಸಿ. ಅದು ಹುಳಕ್ಕೆ, ಹಲ್ಲಿಗಲ್ಲ.

ನಿಮ್ಮ ಮಗ ಬಾಯಿ ಮುಚ್ಚಿ ಮಲಗುತ್ತಾನೆ, ಗೊರಕೆ ಇಲ್ಲ, ಬೆಳಿಗ್ಗೆ ದವಡೆ ನೋವು ತಲೆನೋವು ಅನ್ನುವುದಿಲ್ಲ ಅಂದರೆ ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ ಸುಮ್ನಿರಿ. ಏನೂ ತೊಂದರೆ ಇಲ್ಲದ ಎಷ್ಟೋ ಮಕ್ಕಳು ಹಲ್ಲು ಕಡಿಯುತ್ತಾರೆ, ಬೆಳೆಯುತ್ತಾ ಬಿಡುತ್ತಾರೆ. ರಾತ್ರಿ ಹಲ್ಲು ಸವೆಯದ ಹಾಗೆ ಹಲ್ಲಿನ ಮೇಲೆ ಹಾಕುವ ನೈಟ್ ಗಾರ್ಡ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ತರಿಸಲೇಬೇಡಿ. ದವಡೆ ಇನ್ನೂ ಬೆಳೆಯುವ ವಯಸ್ಸು, ಡಾಕ್ಟರೂ ಸಾಮಾನ್ಯವಾಗಿ ಕೊಡುವುದಿಲ್ಲ.

ಗೊರಕೆ ಇದ್ದರೆ ಮಾತ್ರ ತಡ ಮಾಡಬೇಡಿ. ಇವತ್ತು ರಾತ್ರಿಯೇ ಅವನು ಮಲಗಿದ ಮೇಲೆ ಪಕ್ಕ ಕೂತು ಉಸಿರು ಕೇಳಿಸಿಕೊಳ್ಳಿ, ಮುಖ ಮತ್ತು ಎದೆ ಎರಡೂ ಕಾಣುವ ಹಾಗೆ ಮೊಬೈಲಲ್ಲಿ ವಿಡಿಯೊ ಮಾಡಿ. ಡಾಕ್ಟರಿಗೆ ಬಾಯಲ್ಲಿ ಹೇಳುವ ಬದಲು ಅದನ್ನೇ ತೋರಿಸಿ.