ಅವು ಗಂಟುಗಳಲ್ಲ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಊಟ-ತೂಕದ ಸಲಹೆ ಕೊಡುವ ನನ್ನ ಬಳಿ ಮುಂಬೈ ಹತ್ತಿರದ ಡೊಂಬಿವಲಿಯಿಂದ ತಾಯಿ ಮಗಳು ಬಂದಿದ್ದರು. ಮೂಲ ಕುಂದಾಪುರದ ಕಡೆ. ಮಗಳಿಗೆ 24, ಘಾಟ್ಕೋಪರಿನಲ್ಲಿ ಕೆಲಸ. ಪಿಸಿಓಎಸ್ (ಅಂಡ ಬಿಡುಗಡೆ, ಮುಟ್ಟು ಏರುಪೇರಾಗುವ ಹಾರ್ಮೋನು ತೊಂದರೆ) ಇರಬಹುದೆಂಬ ಅಂಡಾಶಯದ ಸ್ಕ್ಯಾನ್ ರಿಪೋರ್ಟನ್ನು ಮೇಜಿನ ಮೇಲಿಟ್ಟ ತಾಯಿ ಕೇಳಿದ್ದು ಒಂದೇ: "ಇವ್ಳಿಗೆ ಮಕ್ಳ್ ಆತ್ತಾ, ಇಲ್ಯಾ? ಅಷ್ಟ್ ಹೇಳಿ ಸಾಕ್."

ತಾಯಿಯನ್ನು ಹೊರಗೆ ಕೂರಿಸಿ ಮಗಳ ಜೊತೆ ಮಾತಾಡಿದೆ. ಐದು ತಿಂಗಳಿಂದ ಮುಟ್ಟಾಗಿಲ್ಲ. ಗಲ್ಲದ ಕೂದಲನ್ನು ಮನೆಯವರು ಏಳುವ ಮೊದಲೇ ಕೀಳುತ್ತಾಳೆ. ಕತ್ತಿನ ಹಿಂದಿನ ಕಪ್ಪನ್ನು ಕೊಳೆಯೆಂದು ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿದ್ದಾಳೆ. ಹುಡುಗನ ಕಡೆಯವರು ನೋಡಲು ಬರುತ್ತಾರೆಂದು ಅನ್ನ ಬಿಟ್ಟು ಎರಡು ತಿಂಗಳಾಯಿತು. ರಾತ್ರಿ ಲೋಕಲ್ ರೈಲು ಇಳಿದಾಗ ಹಸಿವು ತಡೆಯದೆ ಮೂರು ವಡಾಪಾವ್ ತಿಂದು, ಮನೆಯಲ್ಲಿ ಊಟ ಬೇಡ ಎನ್ನುತ್ತಾಳೆ. "ಒಳಗೆಲ್ಲ ಗಂಟುಗಳೇ ಅಲ್ವಾ ಮೇಡಂ?" ಎನ್ನುವಾಗ ದನಿ ಒಡೆಯಿತು.

ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಪ್ರತಿ ತಿಂಗಳೂ ಅಂಡಾಶಯದಲ್ಲಿ ಅಂಡವನ್ನು ಹೊತ್ತ ಹಲವು ಪುಟ್ಟ ಚೀಲಗಳು, ಅಂದರೆ ಕೋಶಕಗಳು, ಬೆಳೆಯತೊಡಗಿ, ಸಾಮಾನ್ಯವಾಗಿ ಒಂದು ಮಾಗಿ ಅಂಡ ಹೊರಬರುತ್ತದೆ. ಪಿಸಿಓಎಸ್‌ನಲ್ಲಿ ಅವು ಅರ್ಧಕ್ಕೇ ನಿಲ್ಲುತ್ತವೆ. ಸ್ಕ್ಯಾನಿನ ಚುಕ್ಕಿಗಳು ಅವೇ. ಕತ್ತರಿಸಿ ತೆಗೆಯುವಂಥ ಗಡ್ಡೆಗಳಲ್ಲ. ಹಲವರಲ್ಲಿ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ದೇಹ ಅದನ್ನು ಇನ್ನಷ್ಟು ಸುರಿಸುತ್ತದೆ. ಕತ್ತು ಕಪ್ಪಾಗುವುದು ಅದರಿಂದ. ಅದೇ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ. ಗಲ್ಲದ ಕೂದಲು ಅದರ ಫಲ.

ಮುಟ್ಟಿಲ್ಲದಿದ್ದರೆ ಲೋಕಲ್ ಓಡಾಟಕ್ಕೆ ಹಾಯೆನಿಸುತ್ತದೆ ಎಂದಳು. ಇಲ್ಲಿ ಮಾತ್ರ ಗಟ್ಟಿಯಾಗಿಯೇ ಹೇಳಿದೆ: ಮೂರು ತಿಂಗಳು ದಾಟಿದರೆ ವೈದ್ಯರನ್ನು ಕಾಣಲೇಬೇಕು. ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತ ಹೋದರೆ ಮುಂದೆ ಕ್ಯಾನ್ಸರಿನ ಅಪಾಯವೂ ಇದೆ. ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಬರೀ ಸ್ಕ್ಯಾನ್ ನೋಡಿ ಪಿಸಿಓಎಸ್ ಎನ್ನುವಂತಿಲ್ಲ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ನೋಡಬೇಕು, ಸಕ್ಕರೆಯನ್ನೂ. ಉಪವಾಸದಿಂದಲೇ ಮುಟ್ಟು ನಿಲ್ಲುವುದೂ ಉಂಟು.

ಅನ್ನ ಬಿಡಬೇಡ ಎಂದೆ. ಕುಚ್ಚಲಕ್ಕಿ ಅನ್ನ ಸ್ವಲ್ಪ, ಪಕ್ಕಕ್ಕೆ ಮೀನು, ಪಲ್ಯ ಧಾರಾಳ. ಸಂಜೆ ಐದಕ್ಕೆ ಡಬ್ಬಿಯಿಂದ ಬೇಯಿಸಿದ ಹೆಸರುಕಾಳು ತಿಂದರೆ ಸ್ಟೇಷನ್ನಿನಲ್ಲಿ ಆ ಹಸಿವು ಇರದು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ತೂಕ ಶೇ 5ರಷ್ಟು ಇಳಿದರೂ ಎಷ್ಟೋ ಜನರಿಗೆ ಮುಟ್ಟು ಮರಳುತ್ತದೆ, ಆದರೆ ತೂಕದ ಯಂತ್ರ ದಿನವೂ ಹತ್ತಬೇಡ.

ತಾಯಿಗೂ ಉತ್ತರ ಕೊಡಬೇಕಿತ್ತು. "ಆಗುತ್ತದೆಂದು ಬರೆದುಕೊಡಲು ಯಾರಿಂದಲೂ ಆಗದು. ಇದಿದ್ದೂ ತಾವಾಗಿಯೇ ಬಸಿರಾದವರು ಬಹಳ ಜನ. ಆಗದಿದ್ದರೆ ಅಂಡ ಬಿಡುಗಡೆಗೆ ಲೆಟ್ರೊಜೋಲ್‌ನಂಥ ಮಾತ್ರೆಗಳಿವೆ." ಹುಡುಗನ ಕಡೆಗೆ ಹೇಳಬೇಕೆ? ಹೇಳುವವಳು ಮಗಳೇ ಆಗಿರಲಿ, ನಿಶ್ಚಿತಾರ್ಥಕ್ಕೆ ಮೊದಲು, ನೇರ ಹುಡುಗನಿಗೆ. ದಲ್ಲಾಳಿಯ ಬಾಯಿಂದ ಬೇಡ.

ಎರಡನೇ ಭೇಟಿಗೆ ಮಗಳೊಬ್ಬಳೇ ಬಂದಳು. ವೈದ್ಯರ ಮಾತ್ರೆಯಿಂದ ಮುಟ್ಟಾಗಿತ್ತು. ಗಲ್ಲದ ಕೂದಲು ತೆಳುವಾಗಲು ಆರು ತಿಂಗಳಾದರೂ ಬೇಕು ಎಂದಾಗ ಅತ್ತಳು. ಆ ದಿನ ಊಟ, ನಡಿಗೆ ಯಾವುದನ್ನೂ ಕೇಳಲಿಲ್ಲ. ರಾತ್ರಿ ನಿದ್ದೆ ಬರುತ್ತದೆಯೇ ಎಂಬುದರಿಂದ ಮಾತು ಶುರುಮಾಡಿದೆ.